ಗೆಜ್ಜೆಗೆ ಟೂತ್‌ಪೇಸ್ಟ್ ಬೇಡ

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಬೀರುವಿನಿಂದ ಬೆಳ್ಳಿ ಗೆಜ್ಜೆ, ಡಾಬು ಎಲ್ಲ ಹೊರಬರುತ್ತವೆ, ಕಪ್ಪಾಗಿ. ಕೂಡಲೇ ಎಷ್ಟೋ ಮನೆಗಳಲ್ಲಿ ಕೈ ಹೋಗುವುದು ಟೂತ್‌ಪೇಸ್ಟಿನತ್ತ. ಬೇಡ, ದಯವಿಟ್ಟು! ಅದರಲ್ಲಿರುವ ತಿಕ್ಕುವ ಪುಡಿ ಮೆದುವಾದ ಬೆಳ್ಳಿಯ ಮೇಲೆ ಗೀರು ಎಳೆಯುತ್ತದೆ.

ಆ ಕಪ್ಪು ಬರೀ ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಆದ ಸಿಲ್ವರ್ ಸಲ್ಫೈಡ್. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆಯನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಕೊಳೆಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕದ್ದೇ. ಉಜ್ಜಿದರೆ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಇಲ್ಲಿ ಅದು ಗೆಜ್ಜೆಯಲ್ಲೇ ಉಳಿಯುತ್ತದೆ.

ಮುತ್ತು, ಹವಳ ಕೂರಿಸಿದ್ದನ್ನೂ ಬೇಕೆಂದೇ ಕಪ್ಪಾಗಿಸಿದ ಆಕ್ಸಿಡೈಸ್ಡ್ ಒಡವೆಯನ್ನೂ ಇದರಲ್ಲಿ ಮುಳುಗಿಸಬೇಡಿ. ನಿಮ್ಮ ಮನೆಯಲ್ಲಿ ಬೆಳ್ಳಿಗೆ ಏನು ಹಾಕುತ್ತೀರಿ, ವಿಭೂತಿಯೋ ಅಂಟುವಾಳವೋ? ತಿಳಿಸಿ.