ಮೂವರಿಗೆ ಎರಡೇ ಜಾಗ

ಯೊಸೆಮಿಟಿ ಅಂದರೆ ನಮ್ಮವರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಒಂದು ಜಲಪಾತ, ಒಂದು ಬೋಳು ಬಂಡೆ, ಅದರ ಮುಂದೆ ಸ್ವೆಟರ್ ಹಾಕಿಕೊಂಡು ನಿಂತ ಅಪ್ಪ-ಅಮ್ಮ. ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆ ಎನ್ನುವುದಕ್ಕೆ ಆ ಫೋಟೋ ಸಾಕ್ಷಿ. ಅವರೆಲ್ಲ ನೋಡಿ ಬರುವುದು ಕಾರು ಹೋಗುವಷ್ಟು ಜಾಗವನ್ನು. ಪಾರ್ಕಿನ ಶೇಕಡಾ 90ಕ್ಕೂ ಹೆಚ್ಚು ಭಾಗಕ್ಕೆ ರಸ್ತೆಯೇ ಇಲ್ಲ; 1984ರಿಂದ ಅದು ಕಾನೂನಿನ ಪ್ರಕಾರ ‘ವೈಲ್ಡರ್‌ನೆಸ್’. ಹಾಫ್ ಡೋಮ್‌ನಂಥ ಜಾಗ ಬಿಟ್ಟರೆ, ಬೆಳಿಗ್ಗೆ ನಡೆದು ಸಂಜೆ ಹಿಂತಿರುಗುವವರಿಗೆ ಅಲ್ಲಿ ಬೇರೆ ಚೀಟಿ ಬೇಕಿಲ್ಲ. ಬೆನ್ನಿಗೆ ಚೀಲ ಹೇರಿಕೊಂಡು ಹೋಗಿ ಒಂದು ರಾತ್ರಿ ಮಲಗಬೇಕೆಂದರೆ ಮಾತ್ರ ಪರ್ಮಿಟ್ ಬೇಕು.

ಪುಣೆಯ ನಮಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಒಬ್ಬ ‘ರಾಜಗಡ?’ ಅಂದರೆ ಬೆಳಗಿನ ಜಾವ ಐದಕ್ಕೆ ಬೈಕುಗಳು ಹೊರಟಿರುತ್ತವೆ. ಮಳೆಗಾಲದ ಭಾನುವಾರಗಳಲ್ಲಿ ಹತ್ತುವವರು, ಇಳಿಯುವವರು ಎದುರುಬದುರಾಗಿ ಕಿರಿದಾದ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಂತದ್ದುಂಟು. ಅದೂ ಟ್ರೆಕ್ಕಿನ ಒಂದು ಭಾಗ ಅಂದುಕೊಂಡೇ ನಾನು ಇಷ್ಟು ವರ್ಷ ಕಳೆದಿದ್ದೇನೆ.

ಕಂಪನಿಯ ಕೆಲಸಕ್ಕೆಂದು ಮೂರು ತಿಂಗಳು ಬೇ ಏರಿಯಾದಲ್ಲಿದ್ದಾಗ ಈ ಪರ್ಮಿಟ್ಟಿನ ಒಳಗುಟ್ಟು ತಿಳಿಯಿತು. ಅವರು ನಿಮಗೆ ಮಲಗುವ ಜಾಗವನ್ನು ಕೊಡುವುದಿಲ್ಲ. ಕೊಡುವುದು ಒಂದು ಬಾಗಿಲು ಮತ್ತು ಒಂದು ತಾರೀಖು: ಇಂಥ ಕಾಲುದಾರಿಯ ಆರಂಭದಿಂದ, ಇಂಥ ದಿನ, ಇಷ್ಟು ಜನ. ಪ್ರತಿ ದಾರಿಗೂ ದಿನಕ್ಕೆ ಇಷ್ಟೇ ಎಂಬ ಲೆಕ್ಕ. ಒಳಗೆ ಹೋದ ಮೇಲೆ ಎಲ್ಲಿ ಟೆಂಟ್ ಹಾಕುತ್ತೀರಿ ಎಂಬುದು, ಕೆಲವು ನಿಯಮಗಳಿಗೆ ಒಳಪಟ್ಟು, ನಿಮಗೇ ಬಿಟ್ಟದ್ದು. 1970ರ ದಶಕದಲ್ಲಿ ಜಾನ್ ವ್ಯಾನ್ ವ್ಯಾಗ್ಟೆಂಡಾಂಕ್ ಎಂಬ ವಿಜ್ಞಾನಿ ಚಾರಣಿಗರು ಎಲ್ಲಿಂದ ಎಲ್ಲಿಗೆ ಚದುರುತ್ತಾರೆ ಎಂದು ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ ರೂಪಿಸಿದ ವ್ಯವಸ್ಥೆ ಇದು. ಪರ್ಮಿಟ್ಟಿನಲ್ಲಿ ಬರೆಸಿದ ಹಾಗೆಯೇ ಜನ ನಡೆಯುವುದಿಲ್ಲ, ಆದರೆ ಬಾಗಿಲಲ್ಲಿ ಎಣಿಸಿ ಬಿಟ್ಟರೆ ಒಳಗೆ ತಾವಾಗಿಯೇ ಹಂಚಿಹೋಗುತ್ತಾರೆ. ಸರ್ವರ್‌ಗಳ ಜೊತೆ ಹೆಣಗುವ ನಮ್ಮಂಥವರಿಗೆ ಇದನ್ನು ಎರಡನೇ ಸಲ ವಿವರಿಸಬೇಕಿಲ್ಲ.

ಈ ಕೋಟಾದಲ್ಲಿ ಶೇಕಡಾ 60ರಷ್ಟು 24 ವಾರ ಮೊದಲೇ ಲಾಟರಿಯಲ್ಲಿ ಹೋಗುತ್ತದೆ. ಐದೂವರೆ ತಿಂಗಳು ಮುಂಚೆ ‘ನಾನು ಇಂಥ ಗುರುವಾರ ಇಂಥ ದಾರಿಯಲ್ಲಿರುತ್ತೇನೆ’ ಎಂದು ಹೇಳಬಲ್ಲವರು ಯಾರು? ನಿವೃತ್ತರು, ಮೇಷ್ಟ್ರುಗಳು, ರಿಲೀಸ್ ಡೇಟ್ ಎಂಬ ಮಾತನ್ನೇ ಕೇಳದ ಪುಣ್ಯವಂತರು. ಉಳಿದ 40 ಹೊರಡುವ ದಿನಕ್ಕೆ ಏಳು ದಿನ ಮೊದಲು, ಬೆಳಿಗ್ಗೆ ಏಳಕ್ಕೆ ಆನ್‌ಲೈನ್‌ನಲ್ಲಿ ತೆರೆಯುತ್ತದೆ. ಅಲ್ಲೂ ಮಿಕ್ಕಿದ್ದು ಕೌಂಟರಿನಲ್ಲಿ, ಮೊದಲು ಬಂದವರಿಗೆ. ಶುಲ್ಕ ಹೆಚ್ಚೇನಿಲ್ಲ, ಅರ್ಜಿಗೆ 10 ಡಾಲರ್, ತಲೆಗೆ 5. ಒಂದು ಸೊನ್ನೆ ಹೆಚ್ಚು ಸೇರಿಸಿದ್ದರೆ ಲಾಟರಿಯೇ ಬೇಕಾಗುತ್ತಿರಲಿಲ್ಲವೇನೋ. ಆಗ ಬೆಟ್ಟ ದುಡ್ಡಿದ್ದವರದ್ದಾಗುತ್ತಿತ್ತು. ಅದೃಷ್ಟಕ್ಕೆ ಬಿಟ್ಟದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ.

ನಾವು ಮೂವರು. ನಾನು, ಫ್ರೀಮಾಂಟ್‌ನಲ್ಲಿರುವ ನನ್ನ ಭಾವಮೈದ, ನನ್ನ ಜೊತೆ ಪುಣೆಯಿಂದಲೇ ಬಂದಿದ್ದ ಹಾಸನದ ಗೆಳೆಯ. ನಮ್ಮ ಕಣ್ಣಿದ್ದದ್ದು ಕೆಥೀಡ್ರಲ್ ಲೇಕ್ಸ್ ಮೇಲೆ. ಏಳು ಗಂಟೆ ಹೊಡೆಯುತ್ತಲೇ ಭಾವಮೈದ ಕ್ಲಿಕ್ ಮಾಡಿದ. ತತ್ಕಾಲ್ ಟಿಕೆಟ್ ಮಾಡಿಸಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕೊನೆಗೆ ಆಗಸ್ಟಿನ ಒಂದು ಗುರುವಾರ ರಾತ್ರಿ ಎರಡಕ್ಕೆ ಕಾರು ಹತ್ತಿ, ಕೌಂಟರ್ ತೆರೆಯುವ ಮೊದಲೇ ಟ್ವಾಲಮಿ ಮೆಡೋಸ್‌ನ ಸಾಲಿನಲ್ಲಿ ನಿಂತೆವು. ಆ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು.

ಕೌಂಟರಿನಲ್ಲಿದ್ದ ರೇಂಜರ್ ನಡುವಯಸ್ಸು ದಾಟಿದ ಹೆಂಗಸು. ಪರದೆ ನೋಡಿ, “ಕೆಥೀಡ್ರಲ್ ಲೇಕ್ಸ್‌ಗೆ ಎರಡು ಜಾಗ ಉಳಿದಿದೆ” ಅಂದರು.

ಭಾವಮೈದ ನನ್ನ ಕಿವಿಯಲ್ಲಿ, “ಒಬ್ಬರು ಹೆಚ್ಚಾದ್ರೆ ಬೆಟ್ಟ ಕುಸಿಯುತ್ತಾ ಭಾವ? ಕೇಳಿ ನೋಡಿ” ಅಂದ. ಕೇಳಿದೆ. ‘ಅಡ್ಜಸ್ಟ್’ ಎಂಬ ಪದ ನಮ್ಮೂರಲ್ಲಿ ತೆರೆಯದ ಬಾಗಿಲಿಲ್ಲ. ಆಕೆ ನಗುತ್ತಲೇ, “ಎರಡು ಅಂದರೆ ಎರಡು. ನಿಮ್ಮಲ್ಲಿ ಯಾವ ಇಬ್ಬರು?” ಅಂದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ವಾಪಸ್ ಟಿಕೆಟ್ ಮುಂದಿನ ವಾರಕ್ಕಿತ್ತು, ಗೆಳೆಯನದ್ದೂ ಅಷ್ಟೇ. “ನೀವಿಬ್ಬರು ಹೋಗಿ, ನಾನು ಕಾರಲ್ಲಿರ್ತೀನಿ” ಎಂದ ಭಾವಮೈದ. ಧ್ವನಿಯಲ್ಲಿ ಉತ್ಸಾಹವಿರಲಿಲ್ಲ. ನಮ್ಮ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರೂ ಆಕೆ ಅವಸರ ಮಾಡಲಿಲ್ಲ, ಗೋಡೆಯ ಮೇಲಿನ ನಕ್ಷೆಗೆ ಬೆರಳಿಟ್ಟು, “ಡಾಗ್ ಲೇಕ್ ಕಡೆಯಿಂದ ಯಂಗ್ ಲೇಕ್ಸ್. ಅಲ್ಲಿ ಐದು ಜಾಗ ಇದೆ. ನಡಿಗೆ ಹೆಚ್ಚು, ಹೆಸರು ಕಡಿಮೆ” ಅಂದರು.

ಆಮೇಲೆ ಶುರುವಾಯಿತು ವಿಚಾರಣೆ. ಟೆಂಟ್ ಎಲ್ಲಿ? ನೀರಿನಿಂದ, ದಾರಿಯಿಂದ ನೂರು ಅಡಿ ದೂರ. ಬೆಂಕಿ? 9,600 ಅಡಿಗಿಂತ ಮೇಲೆ ಇಲ್ಲವೇ ಇಲ್ಲ. ಶೌಚಕ್ಕೆ ಆರು ಇಂಚು ಗುಂಡಿ, ಕಾಗದ ವಾಪಸ್ ತರಬೇಕು. ಕರಡಿ ಡಬ್ಬಿ ತೋರಿಸಿ. ಕರಡಿಗೆ ಬಿಚ್ಚಲಾಗದ ಈ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟವಷ್ಟೇ ಅಲ್ಲ, ವಾಸನೆಯಿರುವ ಎಲ್ಲವೂ ಹೋಗಬೇಕು: ಟೂತ್‌ಪೇಸ್ಟ್, ಸೋಪು, ನಮ್ಮ ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ. ನೀವು ಬಾರದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗೆಳೆಯ ಕನ್ನಡದಲ್ಲಿ ಗೊಣಗಿದ: “ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಕೇಳಿರಲಿಲ್ಲ ಕಣೋ.” ಸಹಿ ಹಾಕಿಸಿಕೊಂಡು ಪರ್ಮಿಟ್ ಕೊಟ್ಟರು. ಒಟ್ಟು ಹದಿನೈದು ನಿಮಿಷ.

ದಾರಿ ಸುಮಾರು 11 ಕಿಲೋಮೀಟರ್. ಮೊದಲು ಪೈನ್ ಕಾಡಿನ ಏರು. ಒಂದು ಕಡೆ ಕಾಡು ಸರಿದು ದಕ್ಷಿಣಕ್ಕೆ ಕೆಥೀಡ್ರಲ್ ಶ್ರೇಣಿ ಪೂರ್ತಿ ತೆರೆದುಕೊಳ್ಳುತ್ತದೆ. ನಮಗೆ ಸಿಗದ ಬೆಟ್ಟ ಇಷ್ಟು ಚೆನ್ನಾಗಿ ಕಂಡದ್ದು ಸಿಕ್ಕಿದ ದಾರಿಯಿಂದ. ಯಂಗ್ ಅನ್ನುವುದು ಒಬ್ಬ ಸೇನಾಧಿಕಾರಿಯ ಹೆಸರು. 1896ರಲ್ಲಿ ಈ ಪಾರ್ಕಿನ ಉಸ್ತುವಾರಿ ಅವನದಾಗಿತ್ತು. ಆಗ ಕುದುರೆ ದಂಡು ಇಲ್ಲಿ ಕಾವಲಿತ್ತು, ಕುರಿಗಾಹಿಗಳನ್ನು ಓಡಿಸುತ್ತಿತ್ತು. ಈ ಬೆಟ್ಟಗಳನ್ನು ಜಗತ್ತಿಗೆ ಪರಿಚಯಿಸಿದ ಜಾನ್ ಮ್ಯೂರ್ 1869ರಲ್ಲಿ ಟ್ವಾಲಮಿಗೆ ಬಂದದ್ದು ಕುರಿಮಂದೆಯ ಜೊತೆಗೇ ಎಂಬುದು ಬೇರೆ ಮಾತು. ಅದಕ್ಕೂ ಹಿಂದೆ ಮೋನೋ ಸರೋವರದ ಕಡೆಯ ಪೈಯೂಟ್ ಜನ ಕಪ್ಪು ಗಾಜುಗಲ್ಲು ಹೊತ್ತು ಇದೇ ಬೆಟ್ಟಸಾಲನ್ನು ದಾಟಿ ವ್ಯಾಪಾರಕ್ಕೆ ಬರುತ್ತಿದ್ದರು. ಕೆಳಗಿನ ಕಣಿವೆಯಲ್ಲಿ ಬದುಕಿದ್ದವರನ್ನು 1851ರಲ್ಲಿ ಸಶಸ್ತ್ರ ಪಡೆ ನುಗ್ಗಿ ಹೊರದಬ್ಬಿತು. ಮನುಷ್ಯ ಉಳಿಯದೆ ಬಂದು ಹೋಗುವ ಜಾಗ ಎಂದು ಕಾನೂನು ವೈಲ್ಡರ್‌ನೆಸ್ಸನ್ನು ವಿವರಿಸುತ್ತದೆ. ಉಳಿದವರಿದ್ದರು. ಕುದುರೆಮುಖದ ಮಲೆಕುಡಿಯರ ಒಕ್ಕಲೆಬ್ಬಿಸುವಿಕೆಯ ಸುದ್ದಿ ಓದುತ್ತ ಬಂದ ನನಗೆ, ಚೀಲಕ್ಕೆ ಕಟ್ಟಿದ ಆ ಚೀಟಿ ಆ ಹೊತ್ತಿಗೆ ಅಷ್ಟೇನೂ ಹಗುರವೆನಿಸಲಿಲ್ಲ.

ಸಂಜೆ ಐದರ ಹೊತ್ತಿಗೆ ಕೆಳಗಿನ ಸರೋವರ. ಎತ್ತರ ಸುಮಾರು 3,000 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರ್ ಮೇಲೆ. ಹಿಂದೆ ರ‍್ಯಾಗೆಡ್ ಪೀಕ್‌ನ ಗರಗಸದ ಹಲ್ಲುಗಳು. ಆಚೆ ದಡದಲ್ಲಿ ಎರಡು ಟೆಂಟು, ಈಚೆ ನಮ್ಮದು. ಅಷ್ಟೇ. ಬೆಂಕಿ ಇಲ್ಲದ್ದರಿಂದ ಕತ್ತಲು ಪೂರ್ತಿ ಬಂತು, ನಕ್ಷತ್ರಗಳೂ ಪೂರ್ತಿ ಬಂದವು. ಮೊಸರನ್ನದ ಬದಲು ಬಿಸಿನೀರು ಹೊಯ್ದ ಅವಲಕ್ಕಿ ತಿಂದೆವು. ಬ್ಲೂಟೂತ್ ಸ್ಪೀಕರ್ ಇಲ್ಲದೆ ಬೆಟ್ಟದ ಮೇಲೆ ರಾತ್ರಿ ಕಳೆದದ್ದು ಎಷ್ಟೋ ವರ್ಷದ ಮೇಲೆ.

ಹಾಸನದವನು ಕುಮಾರಪರ್ವತಕ್ಕೆ ಆರೇಳು ಸಲ ಹೋದವನು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೊಸ ಬುಕಿಂಗ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿಯೂ ಬಂತು. “ಮೊದಲು ಸಿಟ್ಟು ಬಂದಿತ್ತು ಮಾರಾಯ, ನಮ್ಮ ಬೆಟ್ಟಕ್ಕೆ ನಮಗೇ ಟಿಕೆಟ್ಟಾ ಅಂತ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಅಲ್ಲೂ ಹಿಂಗೆ ಕೂರಿಸಿಕೊಂಡು ಕೇಳೋರು ಒಬ್ಬರಿರಬೇಕಿತ್ತು” ಅಂದ. ನನಗೂ ಹಾಗೇ ಅನ್ನಿಸುತ್ತದೆ. ಸಂಖ್ಯೆಯನ್ನು ಸಾಫ್ಟ್‌ವೇರ್ ಕಾಯಬಲ್ಲದು, ಅದನ್ನು ಬರೆಯುವವನಾಗಿ ನನಗೆ ಗೊತ್ತು. ಚಿಪ್ಸ್ ಪ್ಯಾಕೆಟ್ ಎಲ್ಲಿ ಹಾಕುತ್ತೀರಿ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದು ಅದರ ಕೈಲಿಲ್ಲ.

ಮರುದಿನ ಇಳಿಯುವಾಗ ಎದುರಿಗೆ ಇನ್ನೊಬ್ಬ ರೇಂಜರ್, ಹುಡುಗ, ನಮಗಿಂತ ಹದಿನೈದು ವರ್ಷ ಚಿಕ್ಕವನಿರಬೇಕು. ಪರ್ಮಿಟ್ ಕೇಳಿದ. ಭಾವಮೈದ ಕೊಟ್ಟ. ಹುಡುಗ ಚೀಟಿಯಲ್ಲಿದ್ದ ಮೂರನ್ನು ನೋಡಿ, ತಲೆಯೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಮೇಲೆ ಸೊಳ್ಳೆ ಹೇಗಿತ್ತು ಎಂದು ವಿಚಾರಿಸಿದ.