ಹನ್ನೊಂದು ಹದಿನಾರು

ಹುಮನಾಬಾದಿನ ಹೆದ್ದಾರಿ ಪಕ್ಕದ ಖುಲ್ಲಾ ಜಾಗದಲ್ಲಿ ಹತ್ತು ಹನ್ನೆರಡು ಹಳೆಯ ಕಾರುಗಳು ದೂಳು ತಿನ್ನುತ್ತಾ ನಿಂತಿದ್ದವು. ನಾನು ನೋಡಲು ಹೋಗಿದ್ದು ಬಿಳಿ ಬಣ್ಣದ ಸ್ವಿಫ್ಟ್ ಡಿಸೈರ್, 2014ರ ಮಾಡೆಲ್. ಅಪ್ಪನಿಗೆ ಮಂಡಿ ಆಪರೇಷನ್ ಆಗಿತ್ತು. ತಿಂಗಳಿಗೊಮ್ಮೆ ಸೊಲ್ಲಾಪುರದ ಡಾಕ್ಟರಿಗೆ ತೋರಿಸಬೇಕು, ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗದು. ಹೊಸ ಕಾರು ನಮ್ಮ ಲೆಕ್ಕಕ್ಕೆ ಬರುವಂಥದ್ದಲ್ಲ.

ಏಜೆಂಟ್ ಬಾನೆಟ್ ಎತ್ತಲಿಲ್ಲ. ಸೀದಾ ಮುಂದೆ ಕರೆದುಕೊಂಡು ಹೋಗಿ ನಂಬರ್ ಪ್ಲೇಟಿನ ಮೇಲೆ ಕೈಯಿಟ್ಟ.

"ಸರ್, ಮೊದಲ ಇದು ನೋಡ್ರಿ. ಹನ್ನೊಂದು ಹದಿನಾರು. ಕೂಡಿಸಿದ್ರ ಒಂಬತ್ತು. ಇಂಜಿನ್ ಎಲ್ಲಿ ಬೇಕಾದಲ್ಲಿ ಸಿಗ್ತದ, ಇಂಥಾ ನಂಬರ್ ಸಿಗಂಗಿಲ್ಲ. ಗಾಡಿಗಿ ಮೂರು ಇಪ್ಪತ್ತು, ನಂಬರಿಗಿ ಮ್ಯಾಲ ಇಪ್ಪತ್ತೈದು ಸಾವಿರ."

ಜೊತೆಗೆ ಬಂದಿದ್ದ ಮಿಸ್ತ್ರಿ ಕಾರಿನ ಕೆಳಗೆ ತಲೆ ಹಾಕಿ ಆಯಿಲ್ ಸೋರುತ್ತಿದೆಯೇ ನೋಡುತ್ತಿದ್ದವನು ಅಲ್ಲಿಂದಲೇ ಕೇಳಿದ: "ನಂಬರ್ ಹಾಕಿದ್ರ ಗಾಡಿ ಓಡ್ತದೇನ್ರಿ, ಡೀಸೆಲ್ ಬ್ಯಾಡೇನು?"

ನಂಬರಿನ ಹುಚ್ಚು ನಮ್ಮಲ್ಲಿ ಹೊಸದಲ್ಲ. ಸರದಿಯಲ್ಲಿ ಬರುವ ನಂಬರು ಬಿಟ್ಟು ಬೇಕಾದದ್ದನ್ನು ಹಿಡಿಯಲು ಸಾರಿಗೆ ಇಲಾಖೆಗೆ ಬೇರೆ ಶುಲ್ಕ ಕಟ್ಟಬೇಕು. ಬಹಳ ಜನ ಕೇಳುವಂಥವು ಹರಾಜಿಗೆ ಬರುತ್ತವೆ. ದುಬೈಯಲ್ಲಿ 2023ರ ಏಪ್ರಿಲ್‌ನಲ್ಲಿ 'ಪಿ 7' ಎಂಬ ಒಂದೇ ಒಂದು ಪ್ಲೇಟು ಐದೂವರೆ ಕೋಟಿ ದಿರ್ಹಮ್‌ಗೆ ಹೋಯಿತು. ಬ್ರಿಟನ್ನಿನಲ್ಲಂತೂ ಕಾರು ಮಾರುವ ಮೊದಲು ನಂಬರನ್ನು ಬಿಡಿಸಿಕೊಂಡು ಇನ್ನೊಂದು ಕಾರಿಗೆ ಹಾಕಬಹುದು, ಬೇರೆಯಾಗಿ ಮಾರಲೂಬಹುದು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮು ನಂಬರನ್ನು ಕೊಡುವುದು ವಾಹನಕ್ಕೆ, ಮಾಲೀಕನಿಗಲ್ಲ. ಮುಂದೆ ಕೆಲವು ರಾಜ್ಯಗಳು ಹಳೆಯ ನಂಬರನ್ನು ಉಳಿಸಿಕೊಳ್ಳಲು ದಾರಿ ಮಾಡಿಕೊಟ್ಟಿವೆ. ಆದರೆ ಸಾಮಾನ್ಯವಾಗಿ ಮಾಲೀಕ ಬದಲಾದರೂ ನಂಬರು ಕಾರಿಗೇ ಅಂಟಿಕೊಂಡು ಬರುತ್ತದೆ. ಅದನ್ನು ಕೊಲ್ಲುವುದು ಗಡಿ ಮಾತ್ರ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರು ಹಾಕಿಸಬೇಕು. ಬಸವಕಲ್ಯಾಣದ ಕೆಎ 56 ಗಾಡಿ ಪಕ್ಕದ ಉಮರ್ಗಾದವನ ಪಾಲಾದರೆ ಒಂಬತ್ತೂ ಇಲ್ಲ, ಹದಿನಾರೂ ಇಲ್ಲ.

ಮಿಸ್ತ್ರಿ ಕಾರು ಪಾಸು ಮಾಡಿದ. ಕ್ಲಚ್ ಸ್ವಲ್ಪ ಸವೆದಿದೆ, ಉಳಿದದ್ದೆಲ್ಲ ಠೀಕು. ಇಪ್ಪತ್ತು ಸಾವಿರ ಇಸಾರ ಕೊಟ್ಟು, ಬಸವಕಲ್ಯಾಣದ ತನಕ ಓಡಿಸಿ ನೋಡುತ್ತೇನೆಂದು ಕಾರು ಹೊರಡಿಸಿದೆ. ಏಜೆಂಟ್ ಪಕ್ಕದಲ್ಲಿ ಕುಳಿತ.

ರಾಜೇಶ್ವರದಲ್ಲಿ ಚಹಾದಂಗಡಿಯವನೊಬ್ಬ ಕೈ ಎತ್ತಿದ. ನನಗಿರಲಾರದು ಅಂದುಕೊಂಡೆ. ಮುಂದೆ ಟ್ರ್ಯಾಕ್ಟರಿನವನೊಬ್ಬ ಹಾರ್ನ್ ಹೊಡೆದು ತಲೆಯಾಡಿಸಿದ. ಸಸ್ತಾಪುರ ಬಂಗ್ಲಾದಲ್ಲಿ ಊರ ಕಡೆ ತಿರುಗುವಾಗ ಆಟೋಗಳು ದಾರಿ ಬಿಟ್ಟವು. ಬಸವಕಲ್ಯಾಣದಲ್ಲಿ ಆಟೋ ದಾರಿ ಬಿಡುವುದೆಂದರೆ ಸಣ್ಣ ಮಾತಲ್ಲ. ನಿಜ ಹೇಳಬೇಕೆಂದರೆ, ಆ ಹತ್ತು ನಿಮಿಷ ನನಗೆ ಖುಷಿಯಾಗಿತ್ತು. ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೆ.

ಅಷ್ಟರಲ್ಲಿ ಪಂಕ್ಚರ್ ಅಂಗಡಿಯಿಂದ ಒಬ್ಬ ಹುಡುಗ ಓಡಿ ಬಂದ. ಕಿಟಕಿಗೆ ಬಗ್ಗಿ ನನ್ನ ಮುಖ ನೋಡಿ ತಟ್ಟನೆ ಹಿಂದೆ ಸರಿದ.

"ಯಾರ್ರಿ ನೀವು? ಇದು ನಮ್ಮ ಕಾಕಾನ ಗಾಡಿ."

"ತಗೊಳ್ಳಾಕ ಹತ್ತೀನಪ್ಪಾ. ಕಾಕಾ ಪುಣೇದಾಗ ಮಗನ ಬಲ್ಲಿ ಇರ್ತಾರಂತಲ್ಲ."

"ಪುಣೇದಾಗ? ಕಾಕಾ ಹೋಗಿ ಎಂಟು ತಿಂಗಳಾತ್ರಿ."

ನಾನು ಏಜೆಂಟನ ಕಡೆ ತಿರುಗಿದೆ. ಅವನು ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ.

ಅವನ ಫೈಲಿನಲ್ಲಿ ಫಾರಂ 29, ಫಾರಂ 30 ಎರಡೂ ಇದ್ದವು, ಮಾಲೀಕರ ಸಹಿ ಸಮೇತ. ತಾರೀಖಿನ ಜಾಗ ಖಾಲಿ. "ಸಹಿ ಖೋಟಾ ಅಲ್ಲರಿ, ಅವರು ಇದ್ದಾಗ ಮಾಡ್ಯಾರ. ತಾರೀಖು ಅಷ್ಟ ನಾವು ಹಾಕೋದು," ಅಂದ. ಸಹಿ ಖರೆ, ತಾರೀಖು ಸುಳ್ಳು. ಸತ್ತವರು ಎಂಟು ತಿಂಗಳ ನಂತರ ಎದ್ದು ಬಂದು ನನಗೆ ಕಾರು ಮಾರಿದಂತೆ ಕಾಗದ ಹೇಳಬೇಕು. ಈ ಎರಡು ಫಾರಂಗಳು ಬದುಕಿರುವ ಮಾಲೀಕ ಮಾರಲಿಕ್ಕೆ ಇರುವಂಥವು. ಮಾಲೀಕ ತೀರಿಕೊಂಡರೆ ಫಾರಂ 31 ಬೇರೆ ಇದೆ. ವಾರಸುದಾರರು ಮೂರು ತಿಂಗಳೊಳಗೆ ಅದನ್ನು ಹಾಕಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಮಾರಾಟ ಆಮೇಲೆ. ಇದು ಬರೀ ಕಾಗದದ ಕಿರಿಕಿರಿಯಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ್ದು ಇಷ್ಟೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ನಾಳೆ ನಾನು ಯಾರಿಗಾದರೂ ಗುದ್ದಿದರೆ ನೋಟೀಸು ಹೋಗುವುದು ಗೋಡೆಯ ಮೇಲಿನ ಫೋಟೋಗೆ.

ಇಸಾರದ ಹಣ ವಾಪಸು ಕೇಳಿ ಹುಮನಾಬಾದಿಗೆ ಮರಳಬಹುದಿತ್ತು. ಆದರೆ ಪಂಕ್ಚರ್ ಅಂಗಡಿಯ ಹುಡುಗ ಇನ್ನೂ ಬಾನೆಟ್ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಅವನನ್ನೇ ಮನೆ ತೋರಿಸು ಅಂದೆ.

ಮನೆ ತ್ರಿಪುರಾಂತದ ಕಡೆ. ಮಗ ಹೊರಗೆ ಬಂದು ಏಜೆಂಟನನ್ನು ನೋಡಿ ಮುಜುಗರಪಟ್ಟ. ಆಸ್ಪತ್ರೆಯ ಸಾಲ ಇದೆ, ಬೇಗ ಮಾರಿಕೊಡು ಅಂದಿದ್ದೆ, ಸಹಿಯ ವಿಷಯ ನನಗೆ ತಿಳಿಯದು, ಅಂದ. ನಾನು ನಂಬಿದೆ. ಒಳಗಿನಿಂದ ಅವನ ತಾಯಿ ಬಂದರು. ನನ್ನ ಜೊತೆ ಮಾತಾಡುವ ಮೊದಲು ಕಾರಿನ ಸುತ್ತ ಒಂದು ಸಲ ನಡೆದು ಬಂದರು.

"ಗಾಡಿ ಒಯ್ಯಿರಪ್ಪಾ, ಬ್ಯಾಡ ಅನ್ನಂಗಿಲ್ಲ. ನಂಬರ್ ಬಿಚ್ಚಿ ಕೊಟ್ಟು ಹೋಗ್ರಿ."

"ಕಾಕು, ನಂಬರ್ ಬಿಚ್ಚಲಾಕ ಬರಂಗಿಲ್ರಿ. ಅದು ಗಾಡೀದು."

"ಗಾಡೀದು ಹ್ಯಾಂಗ ಆಗ್ತದ? ಅದು ನಂದು."

ಆಮೇಲೆ ಚಹಾ ಕುಡಿಯುತ್ತಾ ತಿಳಿಯಿತು. ಕಾಕು ಜಹೀರಾಬಾದ್ ಕಡೆಯ ತೆಲುಗು ಮನೆತನದವರು. ಆ ಕಡೆ ಮುಯ್ಯಿ, ದಕ್ಷಿಣೆ ಏನಿದ್ದರೂ ನೂರಾ ಹದಿನಾರು, ಸಾವಿರದ ನೂರಾ ಹದಿನಾರು ಎಂದೇ ಕೊಡುವ ಪದ್ಧತಿ. ಮದುವೆಯಲ್ಲಿ ಅವರ ಅಪ್ಪ ಅಳಿಯನ ಕೈಗೆ ಇಟ್ಟದ್ದು ಸಾವಿರದ ನೂರಾ ಹದಿನಾರು ರೂಪಾಯಿ. ಆ ರೊಕ್ಕದಲ್ಲೇ ಕಾಕಾ ಕಿರಾಣಿ ಅಂಗಡಿ ಹಾಕಿದ್ದರು. ಮೂವತ್ತು ವರ್ಷದ ಮೇಲೆ ಕಾರು ತಂದಾಗ ಮನೆಗೆ ಬಂದು ಏನೂ ಹೇಳಲಿಲ್ಲವಂತೆ, ಪ್ಲೇಟಿನ ಮುಂದೆ ಹೆಂಡತಿಯನ್ನು ನಿಲ್ಲಿಸಿ "ಓದು" ಅಂದರಂತೆ. ಕೂಡಿಸಿದರೆ ಒಂಬತ್ತಾಗುತ್ತದೆಂದು ಕಾಕುಗೆ ಗೊತ್ತೇ ಇರಲಿಲ್ಲ. ನಂಬರಿಗೆ ಇಪ್ಪತ್ತೈದು ಸಾವಿರ ಬೇರೆ ಎಂದದ್ದೂ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮಾತು ಬಂದಾಗ ಏಜೆಂಟ್ ನೀರು ಕುಡಿಯಲು ಎದ್ದು ಹೋದ.

ಈಗಿನ ಪ್ಲೇಟು ಎಚ್‌ಎಸ್‌ಆರ್‌ಪಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಅದು ಕಡ್ಡಾಯವೆಂದು 2023ರಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದ ಮೇಲೆ ಹಾಕಿಸಿದ್ದು. ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಲಾಕು. ಇದನ್ನೆಲ್ಲ ಕಾಕುಗೆ ಹೇಳುತ್ತಿದ್ದಾಗ ಮಗ, "ಹಳೇ ಪ್ಲೇಟ್ ಡಿಕ್ಕ್ಯಾಗ ಇರಬೇಕಲ್ಲ," ಅಂದ. ಸ್ಟೆಪ್ನಿಯ ಕೆಳಗೆ, ಹಳೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಮುಂದಿನದು ಒಂದು ಮೂಲೆ ಮಡಚಿತ್ತು. ಹಿಂದಿನದು ನೆಟ್ಟಗಿತ್ತು. ಕಾಕು ಮಡಚಿದ್ದನ್ನೇ ಇಟ್ಟುಕೊಂಡರು. ಎಮ್ಮೆ ಅಡ್ಡ ಬಂದಾಗ ಆದ ಮಡಿಕೆಯಂತೆ ಅದು, ಅವತ್ತು ಅವರೂ ಕಾರಿನಲ್ಲಿದ್ದರು. ಇನ್ನೊಂದನ್ನು ಮೊಮ್ಮಗ ಎತ್ತಿಕೊಂಡು ಓಡಿದ.

ಮಗನ ಹೆಸರಿಗೆ ಆಗಲು ಅಕ್ಕತಂಗಿಯರ ಒಪ್ಪಿಗೆ, ಅಫಿಡವಿಟ್ಟು, ಮರಣ ಪ್ರಮಾಣಪತ್ರ ಎಂದು ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಕಾರು ಅವರ ಮನೆಯ ಮುಂದೆಯೇ ನಿಂತಿತ್ತು. ಅಪ್ಪನನ್ನು ಸೊಲ್ಲಾಪುರಕ್ಕೆ ಎರಡು ಸಲ ಬಾಡಿಗೆ ಗಾಡಿಯಲ್ಲಿ ಒಯ್ದೆ. ಮಿಸ್ತ್ರಿ ನನ್ನನ್ನು ಹುಚ್ಚನೆಂದ. ಕೊನೆಗೆ ಮೂರು ಇಪ್ಪತ್ತಕ್ಕೆ ವ್ಯವಹಾರ ಮುಗಿಯಿತು. ಕಾಕುಗೆ ಬೇರೆಯಾಗಿ ಸಾವಿರದ ನೂರಾ ಹದಿನಾರು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ, ಮೊಮ್ಮಗನ ಕೈಗಿಟ್ಟು ಬಂದೆ.

ಈಗ ಆರ್‌ಸಿಯಲ್ಲಿ ನನ್ನ ಹೆಸರಿದೆ. ಮೊನ್ನೆ ಅಪ್ಪನನ್ನು ಕೂರಿಸಿಕೊಂಡು ಸೊಲ್ಲಾಪುರಕ್ಕೆ ಹೊರಟಾಗ ಸಸ್ತಾಪುರ ಬಂಗ್ಲಾದಲ್ಲಿ ಮುದುಕರೊಬ್ಬರು ಕಟ್ಟೆಯಿಂದ ಎದ್ದು ಕೈ ಎತ್ತಿದರು. ನಾನು ಎತ್ತುವಷ್ಟರಲ್ಲಿ ಅಪ್ಪನೇ ಕಿಟಕಿಯಿಂದ ಕೈ ಎತ್ತಿದ್ದರು.

"ಯಾರೋ ಅವರು?"

"ಕಾಕಾನ ಪರಿಚಯದವರು."

"ಯಾವ ಕಾಕಾ?" ಅಂದರು ಅಪ್ಪ. ಉಮರ್ಗಾ ದಾಟುವ ತನಕ ಹೇಳುತ್ತಾ ಹೋದೆ.