ಪುಣೆಯಿಂದ ಹರಿಹರಕ್ಕೆ: ಎಂಟು ದಿನದ ಸೈಕಲ್ ಯಾತ್ರೆ

ಪುಣೆಯಿಂದ ಊರಿಗೆ ನೀವು ಎಷ್ಟು ಸಲ ಹೋಗಿ ಬಂದಿರಬಹುದು? ರಾತ್ರಿ ಊಟ ಮುಗಿಸಿ ಸ್ವಾರಗೇಟಿನಲ್ಲಿ ಬಸ್ಸು ಹತ್ತಿದರೆ ಸಾತಾರೆಯ ಹೊತ್ತಿಗೆ ನಿದ್ದೆ, ಕೊಲ್ಲಾಪುರದಲ್ಲಿ ಅರೆಗಣ್ಣಿನಲ್ಲಿ ಒಂದು ಚಹಾ, ಬೆಳಗಾವಿ ದಾಟುವಾಗ ಬೆಳಕು. ಹುಬ್ಬಳ್ಳಿಯಲ್ಲಿ ಇಳಿದು ಮುಖ ತೊಳೆದರೆ ಪ್ರಯಾಣ ಮುಗಿಯಿತು. ನಡುವಿನ ಊರುಗಳೆಲ್ಲ ನಮಗೆ ಬಸ್ಸಿನ ಕಿಟಕಿಯಾಚೆ ಕಂಡು ಮರೆಯಾಗುವ ದೀಪಗಳಷ್ಟೇ. ಆ ದಾರಿಯನ್ನು ಒಮ್ಮೆ ಹಗಲಿನಲ್ಲಿ, ಅದೂ ಸೈಕಲ್ಲಿನ ಮೇಲೆ ನೋಡೋಣವೆಂದು ಕಳೆದ ಚಳಿಗಾಲದಲ್ಲಿ ನಾವು ಹನ್ನೊಂದು ಮಂದಿ ಹೊರಟೆವು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು ಕಾಲೇಜು ಹುಡುಗಿ, ಎಲ್ಲರಿಗಿಂತ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದ ಅರವತ್ತಮೂರರ ರಾಯರು.

ಸುಮ್ಮನೆ ಶೋಕಿಗೆ ಹೊರಟದ್ದಲ್ಲ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಸುತ್ತಲಿನ ಊರುಗಳಿಂದ ನಡೆದು ಬರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸಬೇಕೆಂಬುದು ನಮ್ಮ ಉದ್ದೇಶ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿತ್ತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು. ಏಳನೆಯ ತರಗತಿಯವರೆಗೆ ಶಾಲೆ ಊರಲ್ಲೇ ಇರುತ್ತದೆ. ಎಂಟಕ್ಕೆ ಪಕ್ಕದ ಊರಿಗೆ ಹೋಗಬೇಕು. ಬಸ್ಸು ಸಮಯಕ್ಕೆ ಬರುವುದಿಲ್ಲ, ದಾರಿ ಒಂಟಿ ದಾರಿ. ಕೊನೆಗೆ ಮನೆಯವರು "ಕಲಿತದ್ದು ಸಾಕು" ಎಂದುಬಿಡುತ್ತಾರೆ. ಹೀಗೆ ಎಷ್ಟು ಹುಡುಗಿಯರ ಓದು ನಾಲ್ಕೈದು ಕಿಲೋಮೀಟರಿಗಾಗಿ ನಿಂತುಹೋಗಿದೆಯೋ! ಆದ್ದರಿಂದ ನಾವು ತುಳಿಯುವ ಪ್ರತಿ ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಬಂಧುಮಿತ್ರರಿಂದ ಮಾತು ತೆಗೆದುಕೊಂಡೆವು. ಪುಣೆಯಿಂದ ಹರಿಹರಕ್ಕೆ, ಒಳದಾರಿಗಳೂ ಸೇರಿ, ಸುಮಾರು 600 ಕಿಲೋಮೀಟರು.

ಜೊತೆಗೆ ಇನ್ನೊಂದು ಕೆಲಸವನ್ನೂ ಇಟ್ಟುಕೊಂಡೆವು. ಈ ದಾರಿಯುದ್ದಕ್ಕೂ ಸ್ವಂತ ಕೈಯಿಂದ ಉದ್ದಿಮೆ ಕಟ್ಟಿದವರಿದ್ದಾರೆ. ದೊಡ್ಡವರು ಚಿಕ್ಕವರು ಎನ್ನದೆ ಅವರನ್ನು ಕಂಡು ಒಂದೇ ಪ್ರಶ್ನೆ ಕೇಳುವುದು: "ನಿಮಗೆ ಬೋಣಿ ಮಾಡಿದವರು ಯಾರು?" ಬೆಳಗಿನ ಮೊದಲ ವ್ಯಾಪಾರಕ್ಕೆ ನಮ್ಮ ಅಂಗಡಿಕಾರರು ಕೊಡುವ ಬೆಲೆ ನಿಮಗೆ ಗೊತ್ತೇ ಇದೆ. ಬದುಕಿನ ಬೋಣಿಯನ್ನು ಜನ ನೆನಪಿಟ್ಟಿರುತ್ತಾರೆಯೇ ಎಂಬ ಕುತೂಹಲ ನಮಗೆ.

ಮೊದಲ ದಿನ ಕಾತ್ರಜ್ ಘಾಟ್ ಮತ್ತು ಖಂಬಾಟ್ಕಿ ಘಾಟ್ ಎರಡೂ ನಮ್ಮ ಮೊಣಕಾಲುಗಳ ಪರೀಕ್ಷೆ ತೆಗೆದುಕೊಂಡವು. ಖಂಬಾಟ್ಕಿಯಲ್ಲಿ ಅರ್ಧ ಜನ ಸೈಕಲ್ ತಳ್ಳಿಕೊಂಡೇ ಹತ್ತಿದರು. ರಾಯರು ಮಾತ್ರ ಇಳಿಯಲಿಲ್ಲ. "ನಲವತ್ತು ವರ್ಷ ಕುರ್ಚಿಯ ಮೇಲೆ ಕೂತವನಿಗೆ ಸೀಟು ಬಿಡುವ ಅಭ್ಯಾಸವಿಲ್ಲ" ಎಂದರು. ರಾತ್ರಿ ಸಾತಾರೆಯಲ್ಲಿ ಊಟ ಮಾಡುವಾಗಲೇ ಹಲವರಿಗೆ ತೂಕಡಿಕೆ.

ಎರಡನೆಯ ದಿನ ಕರಾಡದಲ್ಲಿ ಕೃಷ್ಣೆ ಕೊಯ್ನೆಯರ ಸಂಗಮ ನೋಡಿ, ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ಕಬ್ಬಿನ ಗದ್ದೆಗಳ ನಡುವೆ ಕಿರ್ಲೋಸ್ಕರವಾಡಿಗೆ ಹೋದೆವು. ಬಸ್ಸಿನವರಿಗೆ ಸಿಗದ ಊರು ಇದು. ನಮ್ಮ ಪುಣೆಯ ಕನ್ನಡಿಗರಲ್ಲಿ ಕಿರ್ಲೋಸ್ಕರ್ ಕಂಪನಿಗಳಲ್ಲಿ ದುಡಿದು ಮನೆ ಕಟ್ಟಿದವರು ಎಷ್ಟೋ ಮಂದಿ. ಆದರೆ ಆ ಮನೆತನದ ಉದ್ದಿಮೆ ಶುರುವಾದದ್ದು ಪುಣೆಯಲ್ಲಲ್ಲ, ನಮ್ಮ ಬೆಳಗಾವಿಯಲ್ಲಿ, ಎಂಜಿನ್ನಿನಿಂದಲ್ಲ, ಸೈಕಲ್ಲಿನಿಂದ!

ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷದಿಂದ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಅಲ್ಲಿಯೇ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿ ಶುರುವಾಯಿತು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ರಾಮುಅಣ್ಣ ಬೆಳಗಾವಿಯಲ್ಲಿ ಅದನ್ನು ಮಾರಿ, ಕೊಂಡವರಿಗೆ ಓಡಿಸುವುದನ್ನೂ ಕಲಿಸುವುದು.

ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಕಿದರೆ ಭೂಮಿಗೆ ವಿಷವಾಗುತ್ತದೆಂದು ರೈತರು ಹತ್ತಿರವೇ ಸುಳಿಯಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಎರಡು ವರ್ಷ ಬೋಣಿಯಿಲ್ಲದೆ ಕೂರುವುದೆಂದರೇನು, ಯೋಚಿಸಿ ನೋಡಿ! ಅಷ್ಟರಲ್ಲಿ ಊರು ಬೆಳೆಸಲು ಜಾಗ ಬೇಕೆಂದು ಬೆಳಗಾವಿಯ ಪುರಸಭೆ ಅವರನ್ನು ಎಬ್ಬಿಸಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ಸ್ಟೇಷನ್ ಬಳಿ 32 ಎಕರೆ ಜಮೀನು, ಹತ್ತು ಸಾವಿರ ರೂಪಾಯಿ ಬಡ್ಡಿಯಿಲ್ಲದ ಸಾಲ. ಜಮೀನೆಂದರೆ ಪಾಪಾಸುಕಳ್ಳಿ, ಹಾವುಗಳ ಬೀಡು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಅದರ ಸುತ್ತ ಕೆಲಸಗಾರರ ಊರೂ ಎದ್ದವು. ಇಂದು ಆ ಬೀದಿಗಳಲ್ಲಿ ಮರಗಳ ನೆರಳಿನಲ್ಲಿ ಸೈಕಲ್ ತುಳಿಯುವಾಗ ಇದು ಹಾವಿನ ಹಾಳು ನೆಲವಾಗಿತ್ತೆಂದರೆ ನಂಬುವುದು ಕಷ್ಟ. ಸೆರೆಮನೆಯಿಂದ ಬಿಡುಗಡೆಯಾದವರನ್ನು ಲಕ್ಷ್ಮಣರಾಯರು ಇಲ್ಲಿ ರಾತ್ರಿ ಕಾವಲಿಗೆ ನೇಮಿಸಿಕೊಂಡಿದ್ದರು. ತಾವು ಪಡೆದ ನಂಬಿಕೆಯನ್ನು ಹೀಗೆ ಇನ್ನೊಬ್ಬರಿಗೆ ದಾಟಿಸಿದರು ಎನ್ನಬೇಕು.

ಮೂರನೆಯ ದಿನ ಕೊಲ್ಲಾಪುರ. ಇದು ಎರಕದ ಕಾರ್ಖಾನೆಗಳ ಊರು. ಉದ್ಯಮನಗರದ ಓಣಿಗಳಲ್ಲಿ ಕಾಲಿಟ್ಟರೆ ಲೋಹದ ವಾಸನೆ, ಲೇತ್ ಯಂತ್ರಗಳ ಸದ್ದು. ಒಂದು ಸಣ್ಣ ಕಾರ್ಖಾನೆಯ ಯಜಮಾನರು ನಮ್ಮ ಪ್ರಶ್ನೆಗೆ ಉತ್ತರವಾಗಿ ಮೂಲೆಯಲ್ಲಿದ್ದ ಹಳೆಯ ಲೇತ್ ತೋರಿಸಿದರು. ಸೋದರಮಾವ "ದುಡಿದಾಗ ಕೊಡು" ಎಂದು ಕೊಟ್ಟದ್ದಂತೆ. ಈಗ ಅದರಲ್ಲಿ ಕೆಲಸವಿಲ್ಲ, ಆದರೂ ದಸರೆಗೆ ಮೊದಲ ಪೂಜೆ ಅದಕ್ಕೇ.

ಕೊಲ್ಲಾಪುರ ಬಿಟ್ಟು ಕೊಗನೊಳ್ಳಿ ದಾಟಿದಾಗ ಕನ್ನಡದ ಬೋರ್ಡು ಕಂಡಿತು. ಬಸ್ಸಿನಲ್ಲಿ ನಿದ್ದೆಯಲ್ಲೇ ದಾಟುವ ಗಡಿ. ಮೈಬೆವರು ಸುರಿಸಿ ಬಂದು ಅದನ್ನು ಓದುವಾಗ ಗಂಟಲು ಕಟ್ಟುತ್ತದೆ, ಅಕ್ಷರಗಳೂ ದೊಡ್ಡದಾಗಿ ಕಾಣುತ್ತವೆ. ನಿಪ್ಪಾಣಿಯ ಹೊಗೆಸೊಪ್ಪಿನ ಘಾಟನ್ನು ಮೂಗಿನಲ್ಲೇ ತುಂಬಿಕೊಂಡು ಮುಂದೆ ಹೋದೆವು. ಈ ಸೀಮೆಯ ಚಮ್ಮಾರರ ಕೈಚಳಕದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಕೊಲ್ಲಾಪುರಿ ಚಪ್ಪಲಿ ಎಂಬ ಹೆಸರು ಅತ್ತ ಕಡೆಯದಾದರೂ ಹೊಲಿಯುವ ಕೈಗಳು ಎರಡೂ ಕಡೆ ಇವೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ ಮೂಲವನ್ನು ಹೇಳದೆ ಬಿಟ್ಟಿತು. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಸ್ಫೂರ್ತಿ ಪಡೆದದ್ದೆಂದು ಒಪ್ಪಿಕೊಂಡಿತು. ಎರಡು ರಾಜ್ಯಗಳು ಗಡಿಗಾಗಿ ಜಗಳವಾಡುತ್ತಿದ್ದರೂ ಚಪ್ಪಲಿ ಮಾತ್ರ ಜೋಡಿಯಾಗಿಯೇ ನಡೆಯುತ್ತಿದೆ!

ಸಂಕೇಶ್ವರದ ಹತ್ತಿರ ಕಾಲೇಜು ಹುಡುಗಿಯ ಸೈಕಲ್ ಪಂಕ್ಚರ್ ಆಯಿತು. ರಸ್ತೆಬದಿಯ ತಗಡಿನ ಡಬ್ಬಿ ಅಂಗಡಿಯಲ್ಲಿ ವಯಸ್ಸಾದ ಒಬ್ಬರು ಟ್ಯೂಬು ಬಿಚ್ಚಿ, ನೀರಿನ ಬುಟ್ಟಿಯಲ್ಲಿ ಅದ್ದಿ, ಗುಳ್ಳೆ ಬಂದ ಜಾಗ ಹುಡುಕಿ ತೇಪೆ ಹಾಕಿದರು. ಎಲ್ಲಿಗೆ ಹೊರಟಿರಿ, ಯಾಕೆ ಎಂದು ವಿಚಾರಿಸಿದರು. ಹೇಳಿದೆವು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಮಾಡಿದರು. "ಹುಡುಗ್ಯಾರ ಸಾಲಿ ಸಲುವಾಗಿ ಹೊಂಟೀರಿ, ನಾ ಹೆಂಗ ರೊಕ್ಕ ತಗೊಳ್ಳಲ್ರಿ? ಇದನ್ನೂ ನಿಮ್ಮ ಲೆಕ್ಕದಾಗ ಬರಕೋರ್ರಿ" ಎಂದರು. ರಾಯರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ದಾನಿಗಳ ಪಟ್ಟಿಯಲ್ಲಿ ಒಂದು ತೇಪೆಯೂ ಇದೆ.

ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರೋಡಿನಲ್ಲಿ ಸೈಕಲ್ ನಿಲ್ಲಿಸಿ ಫೋಟೋ ತೆಗೆಸಿಕೊಂಡು, ಕುಂದಾ ತಿಂದು, ಮರುದಿನ ಕಿತ್ತೂರಿನ ಮೇಲಿಂದ ಧಾರವಾಡಕ್ಕೆ ಬಂದೆವು. ಧಾರವಾಡಕ್ಕೆ ಬಂದವರು ಲೈನ್ ಬಜಾರಿನಲ್ಲಿ ಫೇಡೆಗೆ ಸಾಲು ನಿಲ್ಲದೆ ಹೋಗುವುದುಂಟೇ? ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ್ ಮನೆತನ ಇಲ್ಲಿ ನೆಲೆನಿಂತು ಮಾಡಿದ ಸಿಹಿ ಇದು. ಪರಸ್ಥಳದಿಂದ ಬಂದವರಿಗೆ ಊರು ಬಾಯಿತುಂಬ ಬೋಣಿ ಮಾಡಿತು; ಅವರು ಊರಿಗೆ ಹೆಸರು ಕೊಟ್ಟರು. ಪರಊರಿನಲ್ಲಿ ಬದುಕು ಕಟ್ಟಿದ ನಮಗೆ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ಹುಬ್ಬಳ್ಳಿಯ ಬೆಂಗೇರಿಯನ್ನು ನೀವು ತಪ್ಪದೆ ನೋಡಬೇಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿದೆ. 2004ರಿಂದ ಇಲ್ಲಿ ರಾಷ್ಟ್ರಧ್ವಜ ತಯಾರಾಗುತ್ತಿದೆ, ಅದಕ್ಕೆ ಭಾರತೀಯ ಮಾನಕ ಸಂಸ್ಥೆಯ ಪರವಾನಗಿಯೂ ಇದೆ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು ಬಣ್ಣ ಕಾಣುತ್ತದೆ, ಚಕ್ರ ಅಚ್ಚಾಗುತ್ತದೆ, ಹೊಲಿಗೆಯಾಗುತ್ತದೆ, ಕೊನೆಗೆ ಹಗ್ಗ ಮತ್ತು ಮರದ ಗುಬುಟು ಸೇರುತ್ತವೆ. 6 ಅಂಗುಲ ಉದ್ದದ ಮೇಜಿನ ಧ್ವಜದಿಂದ 21 ಅಡಿ ಉದ್ದದ ಧ್ವಜದವರೆಗೆ ಒಂಬತ್ತು ಅಳತೆಗಳು. ನೂಲಿನ ಎಳೆ ಎಷ್ಟು, ಬಣ್ಣ ಯಾವ ಛಾಯೆ, ಹೊಲಿಗೆ ಹೇಗೆ ಎಂಬುದಕ್ಕೆಲ್ಲ ಲೆಕ್ಕವಿದೆ. ತಪ್ಪಿದರೆ ಧ್ವಜ ಬದಿಗೆ ಹೋಗುತ್ತದೆ. ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ಸಿಕ್ಕಿತು. ಅಗ್ಗದ ಧ್ವಜ ಮನೆಮನೆಗೆ ತಲುಪಿತು, ನಿಜ. ಅದಕ್ಕೆ ಸಂತೋಷಪಡೋಣ. ಆದರೆ ಚರಕದ ನೂಲಿನ ಧ್ವಜಕ್ಕೆ ಆ ಬೆಲೆಯಲ್ಲಿ ಸ್ಪರ್ಧಿಸುವುದು ಹೇಗೆ ಸಾಧ್ಯ? ಮರುವರ್ಷ ಇಲ್ಲಿಯವರು ತಿದ್ದುಪಡಿ ಹಿಂತೆಗೆಯಿರೆಂದು ಪ್ರತಿಭಟನೆ ಮಾಡಿದರು. ನಮ್ಮ ಪ್ರಶ್ನೆಯ ಇನ್ನೊಂದು ಮುಖ ಕಂಡದ್ದು ಇಲ್ಲಿ. ಬೋಣಿ ಮಾಡಿದವರೇ ಗಿರಾಕಿತನ ಬಿಟ್ಟರೆ ಅಂಗಡಿಯ ಗತಿಯೇನು? ನಮ್ಮ ಸಂಘದ ಮುಂದಿನ ಸ್ವಾತಂತ್ರ್ಯ ದಿನಕ್ಕೆ ಧ್ವಜ ಬೆಂಗೇರಿಯಿಂದಲೇ ಬರಲೆಂದು ಅಲ್ಲೇ ಒಂದು ಧ್ವಜ ಕೊಂಡುಕೊಂಡೆವು.

ಏಳನೆಯ ದಿನ ಎದುರುಗಾಳಿ. ಹಾವೇರಿ ದಾಟಿ ಮೋಟೆಬೆನ್ನೂರಿನಲ್ಲಿ ಹೊರಳಿ ಬ್ಯಾಡಗಿಗೆ ಹೋಗುವಾಗ ಊರಿಗಿಂತ ಮೊದಲು ಸೀನು ಬಂತು! ಮಾರುಕಟ್ಟೆಯ ತುಂಬ ಕೆಂಪು ರಾಶಿ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ತೊಟ್ಟು ಬಿಡಿಸುವ ಹೆಂಗಸರ ಕೈ ಸಂಜೆಯವರೆಗೂ ಉರಿಯುತ್ತದೆ. ಇಲ್ಲಿಯೇ 2024ರ ಮಾರ್ಚ್ 11ರಂದು ಬೆಲೆ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಬೆಂಕಿ ಹಚ್ಚಿದ್ದು ಸರಿಯಲ್ಲ. ಆದರೆ ವರ್ಷದ ದುಡಿಮೆ ಒಂದು ಬೆಳಗಿನ ಹರಾಜಿನಲ್ಲಿ ನಿರ್ಧಾರವಾಗುವವರ ಹೊಟ್ಟೆಯುರಿ, ತಿಂಗಳ ಸಂಬಳ ಎಣಿಸುವ ನಮಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಹತ್ತಿರದಲ್ಲೇ ಮೆಣಸಿನಪುಡಿ ಕುಟ್ಟಿಸಿ ಪೊಟ್ಟಣ ಮಾಡಿ ಮಾರುವ ಅಕ್ಕನೊಬ್ಬರನ್ನು ಕಂಡೆವು. ಮೊದಲ ಐದು ಕಿಲೋ ಕೊಂಡವರು ಒಂದು ವಿದ್ಯಾರ್ಥಿನಿಲಯದ ಅಡುಗೆಯವರಂತೆ. "ಆ ಯಪ್ಪನ ಋಣ ಐತ್ರಿ" ಎಂದರು.

ಕೊನೆಯ ದಿನ, ತರಕಾರಿ ಬೀಜದ ಹೊಲಗಳಿಗೆ ಹೆಸರಾದ ರಾಣೆಬೆನ್ನೂರಿನ ಮೇಲಿಂದ ತುಂಗಭದ್ರೆಯ ಸೇತುವೆಗೆ ಬಂದೆವು. ಹಿಂದೆ ಈ ದಂಡೆ ಮುಂಬಯಿ ಪ್ರಾಂತ, ಆ ದಂಡೆ ಮೈಸೂರು ಸಂಸ್ಥಾನ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಬೆಳಗಾವಿಯ ಸೈಕಲ್ ಅಂಗಡಿ ಇಲ್ಲಿಗೆ ಬರುವಷ್ಟರಲ್ಲಿ ಲೇತ್ ಕಾರ್ಖಾನೆಯಾಗಿತ್ತು. ಹರಿಹರದ ಎಷ್ಟೋ ಮನೆಗಳ ದೀಪ ಅದರ ಸೈರನ್ನಿಗೆ ಹತ್ತಿ ಆರುತ್ತಿತ್ತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ಉದ್ದಿಮೆಗಳೂ ಮನುಷ್ಯರಂತೆ, ಹುಟ್ಟುತ್ತವೆ, ಸಾಯುತ್ತವೆ. ಅಲ್ಲಿ ಕೈಪಳಗಿದವರು ಕಲಿತ ವಿದ್ಯೆಯನ್ನು ಮಾತ್ರ ಯಾವ ಬೀಗವೂ ಹಿಡಿದಿಡಲಾರದು.

ಎಂಟು ದಿನ ನಾವು ಕೇಳಿದ ಪ್ರಶ್ನೆಗೆ "ಯಾರೂ ಇಲ್ಲ, ಎಲ್ಲ ನಾನೇ" ಎಂದವರು ಒಬ್ಬರೂ ಸಿಗಲಿಲ್ಲ. ಒಬ್ಬರಿಗೆ ರಾಜ, ಒಬ್ಬರಿಗೆ ಸೋದರಮಾವ, ಒಬ್ಬರಿಗೆ ಅಡುಗೆಯವರು. ಕೊಟ್ಟದ್ದು ದೊಡ್ಡದಿರಲಿ ಚಿಕ್ಕದಿರಲಿ, ಬೇಕಾದ ಹೊತ್ತಿಗೆ ಬಂದಿತ್ತು. ಎಂಟನೆಯ ತರಗತಿಯ ಹುಡುಗಿಗೆ ಒಂದು ಸೈಕಲ್ ಎಂದರೂ ಅಷ್ಟೇ. ಅದನ್ನು ದಾನವೆನ್ನಲು ನನಗೆ ಮನಸ್ಸಿಲ್ಲ. ಬಡ್ಡಿಯಿಲ್ಲದ ಬಂಡವಾಳವೆನ್ನೋಣ. ನಾಳೆ ಅವಳು ನರ್ಸಾಗಬಹುದು, ಬೀಜದ ಕಂಪನಿ ಕಟ್ಟಬಹುದು, ಅಥವಾ ಓದು ಮುಗಿಸಿದೆನೆಂಬ ಧೈರ್ಯದಿಂದ ಮನೆ ನಡೆಸಬಹುದು. ಯಾವುದಾದರೂ ಲಾಭವೇ.

ಸಿಕ್ಕ ಹಣದಲ್ಲಿ ಈ ವರ್ಷದ ಮಕ್ಕಳಿಗೆ ಸೈಕಲ್ ಕೊಟ್ಟಾಯಿತು. ಆದರೆ ಏಳನೆಯ ತರಗತಿ ದಾಟಿ ಬರುವವರು ಪ್ರತಿ ಜೂನ್ ತಿಂಗಳಲ್ಲೂ ಇರುತ್ತಾರಲ್ಲ. ಆದ್ದರಿಂದ ಬರುವ ಡಿಸೆಂಬರಿನಲ್ಲಿ ಮತ್ತೆ ಹೊರಡುತ್ತೇವೆ. ತುಳಿಯಬಲ್ಲವರು ಈಗಿನಿಂದಲೇ ಬೆಳಿಗ್ಗೆ ಅರ್ಧ ಗಂಟೆ ಅಭ್ಯಾಸ ಮಾಡಿ. ಆಗದವರು ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಬರೆಸಿ. ರಾಯರ ಪುಸ್ತಕದಲ್ಲಿ ಹೊಸ ಪುಟ ತೆರೆದಿದೆ. ಬೋಣಿ ಯಾರದು?